ವಿರುಧುನಗರದ ಕಾಮರಾಜರು ಮತ್ತು ಒಂದು ಹಿಡಿ ಅಕ್ಕಿ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ಕುಳಿತು ಪುಸ್ತಕ ಕೊಡುವುದು, ಮರಳಿ ಬಂದದ್ದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು, ಹಳೆಯ ಪತ್ರಿಕೆಗಳನ್ನು ತಿಂಗಳುವಾರು ಕಟ್ಟಿಡುವುದು, ಇಷ್ಟು ನನ್ನ ಸೇವೆ. ಮೇಜಿನ ಮುಂದೆ ನಿಂತು ಮಾತನಾಡಿ ನನಗೆ ಅಭ್ಯಾಸವಿಲ್ಲ. ಓದಿದ್ದು ಮೆಟ್ರಿಕ್‌ವರೆಗೆ. ಹಗಲೆಲ್ಲ ಗಿರಣಿಯ ಆಫೀಸಿನಲ್ಲಿ ಹಾಜರಿ, ರಜೆ, ಪಗಾರದ ಲೆಕ್ಕ. ಕಾರ್ಯದರ್ಶಿಗಳು "ಪ್ರತಿ ಸಲ ವಿದ್ವಾಂಸರನ್ನೇ ಎಲ್ಲಿಂದ ತರೋಣ, ಈ ತಿಂಗಳು ನೀವೇ ನಾಲ್ಕು ಮಾತು ಹೇಳಿಬಿಡಿ" ಎಂದು ನನ್ನನ್ನು ಹಿಡಿದು ನಿಲ್ಲಿಸಿದ್ದಾರೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಾನು ಆರಿಸಿಕೊಂಡ ವಿಷಯ ಕಾಮರಾಜರದು. ನಾವು ಕನ್ನಡಿಗರು ಹೊಟ್ಟೆಪಾಡಿಗಾಗಿ ಈ ಕೊಯಮತ್ತೂರಿಗೆ ಬಂದವರು. ಕೆಲವರ ಮನೆತನಗಳು ಇನ್ನೂರು ಮುನ್ನೂರು ವರ್ಷದಿಂದ ಇಲ್ಲಿಯೇ ಮಗ್ಗ ನೇಯುತ್ತಿದ್ದು, ಮನೆಯೊಳಗೆ ಈಗಲೂ ಕನ್ನಡ ಆಡುತ್ತಾರೆ. ಕೆಲವರು ನನ್ನಂತೆ ನಿನ್ನೆ ಮೊನ್ನೆ ಬಂದವರು. ಈ ನಾಡಿನ ಊರೂರಿನಲ್ಲಿ ಕಾಮರಾಜರ ಪ್ರತಿಮೆಗಳಿವೆ. ನಾವು ಅದರ ಕೆಳಗೆ ಬಸ್ಸಿಗೆ ಕಾಯುತ್ತೇವೆ. ಮೊಣಕಾಲು ಮುಟ್ಟುವ ಅಂಗಿ, ಹೆಗಲ ಮೇಲೊಂದು ವಸ್ತ್ರ, ಎತ್ತರದ ಕಪ್ಪು ಮನುಷ್ಯ. ಇಷ್ಟೇ ನಮಗೆ ಗೊತ್ತು. ನನಗೂ ಇಷ್ಟೇ ಗೊತ್ತಿತ್ತು. ಎರಡು ತಿಂಗಳ ಹಿಂದೆ ಈ ವಾಚನಾಲಯದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಅವರ ಬಗ್ಗೆ ಓದಬೇಕಾಯಿತು. ಆ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಕಾಮರಾಜರು ಹುಟ್ಟಿದ್ದು ೧೯೦೩ನೆಯ ಇಸವಿ ಜುಲೈ ೧೫ರಂದು, ವಿರುಧುನಗರದಲ್ಲಿ. ಆಗ ಆ ಊರಿಗೆ ವಿರುಧುಪಟ್ಟಿ ಎಂದು ಹೆಸರು. ಹತ್ತಿ, ಮೆಣಸಿನಕಾಯಿ, ಎಣ್ಣೆ ವ್ಯಾಪಾರದ ಸಣ್ಣ ಪೇಟೆ. ತಂದೆ ಕುಮಾರಸ್ವಾಮಿ ನಾಡಾರರು ತೆಂಗಿನಕಾಯಿ ವ್ಯಾಪಾರಿ. ಮಗನಿಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡರು. ತಾಯಿ ಶಿವಕಾಮಿ ಅಮ್ಮಾಳ್ ಮೈಮೇಲಿನ ಒಡವೆ ಮಾರಿ ಸಂಸಾರ ನಡೆಸಿದರು. ಹುಡುಗ ಆರನೆಯ ತರಗತಿಗೆ ಶಾಲೆ ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಗೆ ಸೇರಿದ. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು.

ಅವರು ಓದಿದ ಶಾಲೆಯ ವಿಷಯವಾಗಿ ಸ್ವಲ್ಪ ನಿಂತು ಹೇಳಬೇಕು. ಆ ಕಾಲದಲ್ಲಿ ನಾಡಾರರಿಗೆ ದೊಡ್ಡ ದೇವಸ್ಥಾನಗಳೊಳಗೆ ಪ್ರವೇಶವಿರಲಿಲ್ಲ. ದುಡ್ಡು ಸಂಪಾದಿಸಿದವರನ್ನೂ ಕೆಳಗಿನವರೆಂದೇ ಕಾಣುತ್ತಿದ್ದರು. ಆಗ ವಿರುಧುನಗರದ ವ್ಯಾಪಾರಿಗಳು ತಮ್ಮಲ್ಲಿ ತಾವೇ ವಂತಿಗೆ ಹಾಕಿಕೊಂಡು ೧೮೮೯ರಲ್ಲಿ ಕ್ಷತ್ರಿಯ ವಿದ್ಯಾಶಾಲೆ ಎಂಬ ಶಾಲೆ ತೆರೆದರು. ಅದನ್ನು ನಡೆಸಲು ಒಂದು ಉಪಾಯ ಮಾಡಿದರು. ದಿನವೂ ಅಡಿಗೆಗೆ ಅಕ್ಕಿ ಅಳೆಯುವಾಗ ಮನೆಯ ಹೆಂಗಸು ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕಬೇಕು. ಆ ಅಕ್ಕಿಯನ್ನು ಮನೆಮನೆಯಿಂದ ಎತ್ತಿ ಶಾಲೆಯ ಖರ್ಚಿಗೆ ಉಪಯೋಗಿಸುವುದು. ತಮಿಳಿನಲ್ಲಿ ಇದಕ್ಕೆ 'ಪಿಡಿ ಅರಿಸಿ' ಎನ್ನುತ್ತಾರೆ. ಹಿಡಿ ಅಕ್ಕಿ. ಹಣವಿಲ್ಲದ ಮನೆಯೂ ಒಂದು ಹಿಡಿ ಅಕ್ಕಿ ಕೊಡಬಲ್ಲುದು. ಕೊಟ್ಟ ಮನೆಗೆ ಶಾಲೆ ನನ್ನದು ಎಂಬ ಅಭಿಮಾನವೂ ಬರುತ್ತದೆ. ಈ ಹಿಡಿ ಅಕ್ಕಿಯ ಶಾಲೆಯಲ್ಲಿ ಕಾಮರಾಜರು ಕಲಿತದ್ದು. ಮುಂದೆ ಅವರು ಮಾಡಿದ್ದಕ್ಕೆ ಬೇರು ಇಲ್ಲಿಯೇ ಇದೆಯೆಂದು ನನ್ನ ಸ್ವಂತ ಊಹೆ.

ಅಂಗಡಿಯಲ್ಲಿ ಕುಳಿತು ವ್ಯಾಪಾರ ಕಲಿಯುವ ಬದಲು ಹುಡುಗ ಸಭೆಗಳಿಗೆ ಹೋಗತೊಡಗಿದ. ಬಿಡಿಸಬೇಕೆಂದು ತಿರುವನಂತಪುರದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಇನ್ನೊಬ್ಬ ಮಾವನ ಬಳಿಗೆ ಕಳಿಸಿದರು. ಅಲ್ಲಿಗೆ ಹೋದವನು ವೈಕಂ ಸತ್ಯಾಗ್ರಹದ ಕಡೆಗೆ ನಡೆದ. ೧೯೩೦ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹ, ಮೊದಲ ಜೈಲು. ಒಟ್ಟಿನಲ್ಲಿ ಒಂಬತ್ತು ವರ್ಷದಷ್ಟು ಕಾಲ ಜೈಲಿನಲ್ಲಿ ಕಳೆದವರು. ಮದುವೆಯಾಗಲಿಲ್ಲ. ಇಂಗ್ಲಿಷಿನಲ್ಲಿ ಭಾಷಣ ಮಾಡುವವರೇ ಮುಖಂಡರೆನಿಸಿಕೊಂಡಿದ್ದ ಆ ಕಾಲದಲ್ಲಿ ಇವರು ಹಳ್ಳಿಯ ತಮಿಳಿನಲ್ಲಿ ಎರಡು ಮಾತು ಆಡಿ ಕುಳಿತುಬಿಡುತ್ತಿದ್ದರು. ಯಾರು ಏನು ಕೇಳಿದರೂ 'ಆಗಟ್ಟುಂ, ಪಾರ್ಕಲಾಂ' ಎಂಬುದೇ ಉತ್ತರ. ಆಗಲಿ, ನೋಡೋಣ. ನಮ್ಮ ಆಫೀಸಿನಲ್ಲಿ ಈ ಮಾತನ್ನು ಕೆಲಸ ಮಾಡದಿರುವುದಕ್ಕೆ ಉಪಯೋಗಿಸುತ್ತಾರೆ. ಕಾಮರಾಜರು ಹಾಗೆಂದರೆ ಕೆಲಸ ಅರ್ಧ ಆದಂತೆ ಎಂದು ಇಲ್ಲಿಯ ಹಳಬರು ಹೇಳುತ್ತಾರೆ.

೧೯೪೧ರಲ್ಲಿ ಒಂದು ಸ್ವಾರಸ್ಯವಾದ ಘಟನೆ ನಡೆಯಿತು. ಅವರು ವೆಲ್ಲೂರು ಜೈಲಿನಲ್ಲಿರುವಾಗಲೇ ವಿರುಧುನಗರದ ಮುನಿಸಿಪಾಲಿಟಿಯವರು ಅವರನ್ನು ತಮ್ಮ ಅಧ್ಯಕ್ಷರನ್ನಾಗಿ ಆರಿಸಿಬಿಟ್ಟರು. ಬಿಡುಗಡೆಯಾಗಿ ಬಂದ ಮೇಲೆ ಕಾಮರಾಜರು ಸಭೆಗೆ ಹೋದರು, ಕುರ್ಚಿಯ ಮೇಲೆ ಕುಳಿತರು, ರಾಜೀನಾಮೆ ಕೊಟ್ಟು ಎದ್ದು ಬಂದರು. ಪೂರ್ತಿಯಾಗಿ ನ್ಯಾಯ ಸಲ್ಲಿಸಲಾರದ ಹುದ್ದೆಯನ್ನು ಹಿಡಿದುಕೊಂಡಿರಬಾರದು ಎಂಬುದು ಅವರು ಕೊಟ್ಟ ಕಾರಣ. ಪ್ರಾಂತದ ಕಾಂಗ್ರೆಸ್ಸಿನ ಕೆಲಸ ಹೊತ್ತವನಿಗೆ ಊರಿನ ನೀರು, ದೀಪ, ಚರಂಡಿ ನೋಡಲು ಬಿಡುವೆಲ್ಲಿ? ನಮ್ಮಲ್ಲಿ ಮೂರು ಸಂಘಗಳಿಗೆ ಉಪಾಧ್ಯಕ್ಷರಾಗಿ ಒಂದಕ್ಕೂ ಬಾರದವರಿದ್ದಾರೆ. ಹೆಸರು ಹೇಳುವುದಿಲ್ಲ, ಅವರು ಇವೊತ್ತೂ ಬಂದಿಲ್ಲ. (ನಗು)

ಹೀಗೆ ಊರ ಕುರ್ಚಿಯನ್ನು ಬಿಟ್ಟವರು ೧೯೫೪ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ಪದವಿಗೆ ನಿಂತರು. ಏಕೆ ನಿಂತರೆಂಬುದನ್ನು ಹೇಳಬೇಕಾದರೆ ರಾಜಾಜಿಯವರ ಹೆಸರು ಬರುತ್ತದೆ. ನಮ್ಮ ಸದಸ್ಯರಲ್ಲಿ ರಾಜಾಜಿಯವರ ಅಭಿಮಾನಿಗಳಿದ್ದಾರೆಂದು ಬಲ್ಲೆ. ಹೊಸೂರಿನ ಹತ್ತಿರ ಹುಟ್ಟಿ ಬೆಂಗಳೂರಿನಲ್ಲಿ ಓದಿದವರೆಂದು ನಮಗೂ ಅವರ ಮೇಲೆ ಸ್ವಲ್ಪ ಹಕ್ಕಿದೆ. ಅವರನ್ನು ಹೀನಾಯ ಮಾಡುವ ಉದ್ದೇಶ ನನಗಿಲ್ಲ. ೧೯೫೩ರಲ್ಲಿ ಅವರು ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಉಳಿದ ಹೊತ್ತು ಮನೆಯಲ್ಲಿ ಅಥವಾ ಊರಿನಲ್ಲಿ ಕಸುಬು ಕಲಿಯಬೇಕು. ಒಂದೇ ಕಟ್ಟಡ, ಅವರೇ ಉಪಾಧ್ಯಾಯರು, ಎರಡು ಪಾಳಿ ಮಕ್ಕಳು. ಬೊಕ್ಕಸದಲ್ಲಿ ಹಣವಿಲ್ಲದಾಗ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಬೇಕೆಂದರೆ ಇದೊಂದು ಲೆಕ್ಕ. ಲೆಕ್ಕ ಬರೆಯುವವನಾಗಿ ನನಗೆ ಅದು ಅರ್ಥವಾಗುತ್ತದೆ. ಆದರೆ ಕಸುಬು ಎಂದರೆ ಯಾರ ಕಸುಬು? ಅಗಸರ ಮಗನಿಗೆ ಅಪ್ಪನ ಕಸುಬು, ಚಮ್ಮಾರರ ಮಗನಿಗೆ ಅಪ್ಪನ ಕಸುಬು. ಜಾತಿಯ ಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಶಿಕ್ಷಣವೆಂದು ಪೆರಿಯಾರರೂ ದ್ರಾವಿಡ ಮುನ್ನೇತ್ರ ಕಳಗದವರೂ ದೊಡ್ಡ ಚಳವಳಿ ಮಾಡಿದರು. ಕಾಂಗ್ರೆಸ್ಸಿನೊಳಗೂ ಅಸಮಾಧಾನ ಬೆಳೆಯಿತು. ರಾಜಾಜಿಯವರು ಹಿಂದೆ ಸರಿಯಲಿಲ್ಲ. ೧೯೫೪ರಲ್ಲಿ ಪದವಿ ಬಿಟ್ಟರು.

ಪಕ್ಷದ ಶಾಸಕರು ಹೊಸ ನಾಯಕರನ್ನು ಆರಿಸಬೇಕಾದಾಗ ರಾಜಾಜಿಯವರ ಕಡೆಯಿಂದ ಸಿ. ಸುಬ್ರಹ್ಮಣ್ಯಂ ನಿಂತರು. ಬಿ.ಎಲ್. ಓದಿದವರು, ನಮ್ಮ ಈ ಕೊಯಮತ್ತೂರು ಜಿಲ್ಲೆಯವರು. ಎದುರಿಗೆ ಆರನೆಯ ತರಗತಿಯ ಕಾಮರಾಜರು. ಕಾಮರಾಜರಿಗೆ ೯೩ ಮತ, ಸುಬ್ರಹ್ಮಣ್ಯಂ ಅವರಿಗೆ ೪೧. ಏಪ್ರಿಲ್ ೧೩ರಂದು ಕಾಮರಾಜರು ಅಧಿಕಾರ ಸ್ವೀಕರಿಸಿದರು. ಸೋತ ಸುಬ್ರಹ್ಮಣ್ಯಂ ಅವರನ್ನು ಮಂತ್ರಿಮಂಡಲಕ್ಕೆ ಕರೆದು ಹಣಕಾಸನ್ನೂ ವಿದ್ಯಾಭ್ಯಾಸವನ್ನೂ ಅವರ ಕೈಗೇ ಕೊಟ್ಟರು. ಹಿಂದಿನ ಶಾಲಾ ಯೋಜನೆಯನ್ನು ಮೇ ತಿಂಗಳಲ್ಲಿ ಕೈಬಿಟ್ಟಿದ್ದಾಗಿ ಪ್ರಕಟಿಸಿದವರೂ ಸುಬ್ರಹ್ಮಣ್ಯಂ ಅವರೇ.

ಆಗ ಕಾಮರಾಜರು ಲೋಕಸಭೆಯ ಸದಸ್ಯರು, ಶಾಸನಸಭೆಯವರಲ್ಲ. ರಾಜಾಜಿಯವರಂತೆ ಮೇಲ್ಮನೆಗೆ ನಾಮಕರಣಗೊಂಡು ಬರಬಹುದಾಗಿತ್ತು. ಹಾಗೆ ಮಾಡದೆ ಗುಡಿಯಾತ್ತಂ ಕ್ಷೇತ್ರದ ಉಪಚುನಾವಣೆಗೆ ನಿಂತರು. ಗುಡಿಯಾತ್ತಂ ವೆಲ್ಲೂರಿನ ಕಡೆಯ ನೇಕಾರರ ಊರು. ವಿರುಧುನಗರದಿಂದ ಬಹುದೂರ, ತನ್ನ ಊರಿನವರು, ತನ್ನ ಜಾತಿಯವರು ಎಂದು ಕೈಹಿಡಿಯುವ ಜನಬಲ ಅಲ್ಲಿಲ್ಲ. ಕಮ್ಯುನಿಸ್ಟರು ಎದುರಾಳಿಯನ್ನು ನಿಲ್ಲಿಸಿದರು. ಕಾಂಗ್ರೆಸ್ಸನ್ನು ಕಂಡರಾಗದ ಪೆರಿಯಾರರೂ ಅಣ್ಣಾದೊರೆಯವರೂ ಈ ಒಬ್ಬ ಕಾಂಗ್ರೆಸ್ಸಿಗನಿಗೆ ಬೆಂಬಲ ಕೊಟ್ಟರು. ಗೆದ್ದರು. ದೊಡ್ಡ ಕುರ್ಚಿಗೆ ಹಿಂಬಾಗಿಲಿತ್ತು, ಮುಂಬಾಗಿಲಿನಿಂದ ಹೋದರು.

ಇನ್ನು ಊಟದ ವಿಷಯ. ಒಂದು ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ಚೇರನ್‌ಮಹಾದೇವಿಯ ಹತ್ತಿರ ರೈಲ್ವೆ ಗೇಟು ಬಿದ್ದು ಮುಖ್ಯಮಂತ್ರಿಯ ಕಾರು ನಿಂತಿತಂತೆ. ದನ ಕಾಯುವ ಹುಡುಗನನ್ನು ಕಂಡು "ಏಕಪ್ಪಾ, ಸ್ಕೂಲಿಗೆ ಹೋಗಲಿಲ್ಲವೆ?" ಎಂದು ಕೇಳಿದರಂತೆ. "ಸ್ಕೂಲಿಗೆ ಹೋದರೆ ಅನ್ನ ಹಾಕ್ತೀರಾ?" ಎಂದನಂತೆ ಹುಡುಗ. ಕಥೆ ನಡೆದದ್ದೋ ಜನ ಕಟ್ಟಿದ್ದೋ ನಾನು ವಾದಿಸುವುದಿಲ್ಲ. ಆ ಹುಡುಗ ಕೇಳಿದ ಪ್ರಶ್ನೆ ಮಾತ್ರ ಸುಳ್ಳಲ್ಲ. ಮದರಾಸಿನ ಕಾರ್ಪೊರೇಷನ್ನಿನಲ್ಲಿ ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ, ೧೯೨೦ರಲ್ಲಿಯೇ ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಟ್ಟು ನೋಡಿದ್ದರು. ಅದು ಪಟ್ಟಣದಲ್ಲೇ ಉಳಿಯಿತು. ಹಳ್ಳಿಗೆ ಒಯ್ದವರು ಕಾಮರಾಜರು ಮತ್ತು ಅವರ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ನೆ.ದು. ಸುಂದರವಡಿವೇಲು ಅವರು.

ಅದನ್ನು ಒಯ್ದ ರೀತಿ ನೋಡಿ. ೧೯೫೬ರಲ್ಲಿ ಮೊದಲಿಟ್ಟದ್ದು ಸರ್ಕಾರದ ಹಣದಿಂದಲ್ಲ. ಊರಿನವರೇ ಅಕ್ಕಿ, ಬೇಳೆ, ಸೌದೆ, ತರಕಾರಿ ತಂದುಕೊಟ್ಟು ತಮ್ಮ ಊರಿನ ಬಡಮಕ್ಕಳಿಗೆ ಶಾಲೆಯಲ್ಲಿ ಒಂದು ಹೊತ್ತು ಅನ್ನ ಹಾಕಬೇಕೆಂದು ಸುಂದರವಡಿವೇಲು ಅವರೂ ಉಪಾಧ್ಯಾಯರೂ ಊರೂರು ತಿರುಗಿ ಕೇಳಿಕೊಂಡರು. ಅದು ಹಲವು ಕಡೆ ನಿಂತುಕೊಂಡಿತೆಂದು ಕಂಡ ಮೇಲೆ ೧೯೫೭ರ ನವೆಂಬರಿನಿಂದ ಸರ್ಕಾರ ಕೈಹಾಕಿತು. ಒಂದು ಮಗುವಿನ ಒಂದು ಊಟಕ್ಕೆ ಹತ್ತು ನಯಾಪೈಸೆ ಎಂದು ಲೆಕ್ಕ. ಅದರಲ್ಲಿ ಆರು ಸರ್ಕಾರದ್ದು, ನಾಲ್ಕು ಊರಿನದು. ನಲವತ್ತು ಮಕ್ಕಳ ಶಾಲೆಗೆ ಊರಿನ ಪಾಲು ದಿನಕ್ಕೆ ಒಂದು ರೂಪಾಯಿ ಅರವತ್ತು ಪೈಸೆ. ಈ ನಾಲ್ಕು ಪೈಸೆಯ ಕಲಮಿನ ಮೇಲೆ ನನ್ನ ಕಣ್ಣು ನಿಂತಿತು. ಹತ್ತನ್ನೂ ಸರ್ಕಾರವೇ ಕೊಡುತ್ತೇನೆಂದಿದ್ದರೆ ಹಣಕಾಸಿನವರು ಫೈಲನ್ನು ಎದುರು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರೋ ಏನೋ. ಹತ್ತನ್ನೂ ಊರಿನ ತಲೆಗೆ ಕಟ್ಟಿದ್ದರೆ ಮೊದಲ ಬರಗಾಲಕ್ಕೆ ಒಲೆ ಆರುತ್ತಿತ್ತು. ಕ್ಷತ್ರಿಯ ವಿದ್ಯಾಶಾಲೆಯ ಹಿಡಿ ಅಕ್ಕಿ ಇಲ್ಲಿ ಸರ್ಕಾರದ ಲೆಕ್ಕದ ಪುಸ್ತಕಕ್ಕೆ ಬಂತು ಎಂದು ನನಗೆ ತೋರುತ್ತದೆ. ಇದರ ಹಿಂದೆಯೇ ಶಾಲೆಗೆ ಊರಿನವರು ಬೆಂಚು, ಗಡಿಯಾರ, ಬಾವಿ, ಕೊಠಡಿ ಕೊಡುವ ಶಾಲಾ ಸುಧಾರಣಾ ಸಮ್ಮೇಳನಗಳು, ಬಡಮಕ್ಕಳಿಗೆ ಸಮವಸ್ತ್ರ ಎಲ್ಲ ಬಂದುವು. ಹರಕು ಅಂಗಿಯ ಹುಡುಗ ಒಳ್ಳೆಯ ಅಂಗಿಯವನ ಪಕ್ಕ ಕುಳಿತುಕೊಳ್ಳಲು ನಾಚದಿರಲಿ ಎಂಬುದು ಸಮವಸ್ತ್ರದ ಅರ್ಥ.

ನಮ್ಮ ಗಿರಣಿಯಲ್ಲಿ ಗೇಟು ಕಾಯುತ್ತಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ, ಈಗಲೂ ಸಂಜೆ ಟೀ ಅಂಗಡಿಗೆ ಬರುತ್ತಾರೆ. ಪೊಳ್ಳಾಚಿಯ ಕಡೆಯ ಹಳ್ಳಿಯವರು. ಈ ಭಾಷಣಕ್ಕೆಂದು ಅವರನ್ನು ಕೇಳಿದೆ. ಅವರು ಹೇಳಿದ್ದಿಷ್ಟು: "ನಾನು ಓದಲಿಕ್ಕೆ ಹೋದವನಲ್ಲ ತಂಬಿ, ಉಣ್ಣಲಿಕ್ಕೆ ಹೋದವನು. ಅಲ್ಯೂಮಿನಿಯಂ ತಟ್ಟೆಯಲ್ಲಿ ಅರ್ಧ ತಿಂದು ಅರ್ಧ ತಂಗಿಗೆ ಎಂದು ಟವೆಲಿನಲ್ಲಿ ಕಟ್ಟುತ್ತಿದ್ದೆ. ಒಂದು ದಿನ ವಾದ್ಯಾರು ನೋಡಿಬಿಟ್ಟರು. ಹೊಡೀತಾರೆಂದು ನಿಂತೆ. ಇನ್ನೊಂದು ಸೌಟು ಹಾಕಿ, ನಾಳೆಯಿಂದ ತಂಗಿಯನ್ನೂ ಕರಕೊಂಡು ಬಾ ಎಂದರು." ತಂಗಿ ಎಂಟನೆಯವರೆಗೆ ಓದಿದಳಂತೆ. ಇವರು ಐದಕ್ಕೆ ಬಿಟ್ಟರಂತೆ.

ಇದನ್ನು ಕೇಳುವಾಗ ನನಗೆ ನನ್ನ ತಂಗಿ ನೆನಪಾದಳು. ನಾನು ಕೊಪ್ಪಳದ ಕಡೆಯವನು. ನಮ್ಮ ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟ ಬಂದದ್ದು ೨೦೦೨ರಲ್ಲಿ, ಅದೂ ಮೊದಲು ನಮ್ಮ ಬಡಗಣ ಜಿಲ್ಲೆಗಳಿಗೆ. ಮದರಾಸಿನ ಹಳ್ಳಿಗಳಿಗೆ ಬಂದು ನಲವತ್ತೈದು ವರ್ಷವಾದ ಮೇಲೆ! ಐದನೆಯ ತರಗತಿಯವರೆಗಿನ ಮಕ್ಕಳಿಗೆ ಮಾತ್ರ ಆರಂಭವಾಯಿತು. ತಂಗಿ ಮೂರನೆಯದರಲ್ಲಿದ್ದಳು, ಅವಳಿಗೆ ಸಿಕ್ಕಿತು. ನಾನು ಮೇಲಿನ ತರಗತಿಗೆ ದಾಟಿದ್ದೆ. ಅವಳು ಕೈತೊಳೆದು ಸಾಲಿನಲ್ಲಿ ಕೂಡುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕಾಮರಾಜರ ಕಥೆಯ ಉಳಿದ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ಮುಖ್ಯಮಂತ್ರಿಯಾಗಿದ್ದು ೧೯೬೩ರ ಅಕ್ಟೋಬರ್ ೨ರಂದು, ಪಕ್ಷದ ಕೆಲಸಕ್ಕೆಂದು, ತಾವಾಗಿ ಬಿಟ್ಟರು. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ನೆಹರೂ ತೀರಿಕೊಂಡಾಗ ಶಾಸ್ತ್ರಿಯವರನ್ನೂ, ೧೯೬೬ರಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಇಂದಿರಾ ಗಾಂಧಿಯವರನ್ನೂ ಪ್ರಧಾನಿಯನ್ನಾಗಿ ತರುವುದರಲ್ಲಿ ಇವರ ಕೈ ದೊಡ್ಡದು. ನೀವೇ ಆಗಿ ಎಂದವರಿಗೆ ಹಿಂದಿಯೂ ಬಾರದು, ಇಂಗ್ಲಿಷೂ ಬಾರದು, ಹೇಗಾಗಲಿ ಎಂದು ನಕ್ಕರಂತೆ. ಆ ದಿಲ್ಲಿಯ ರಾಜಕೀಯದಲ್ಲಿ ಅವರ ಲೆಕ್ಕಗಳೆಲ್ಲ ಸರಿಬರಲಿಲ್ಲ. ೧೯೬೯ರಲ್ಲಿ ಕಾಂಗ್ರೆಸ್ಸು ಒಡೆದಾಗ ನಮ್ಮ ನಿಜಲಿಂಗಪ್ಪನವರೂ ಇವರೂ ಒಂದೇ ಪಾಳೆಯದಲ್ಲಿದ್ದು ಒಟ್ಟಿಗೆ ಸೋತವರು. ಅದಕ್ಕೂ ಮೊದಲೇ, ೧೯೬೭ರಲ್ಲಿ, ಸ್ವಂತ ಊರು ವಿರುಧುನಗರದಲ್ಲಿ ಒಬ್ಬ ತರುಣ ವಿದ್ಯಾರ್ಥಿ ನಾಯಕನೆದುರು ೧೨೮೫ ಮತಗಳಿಂದ ಸೋತಿದ್ದರು. ಆ ವರ್ಷ ಅಕ್ಕಿಗೆ ಕಾಟ. ರೂಪಾಯಿಗೆ ಮೂರು ಪಡಿ ಅಕ್ಕಿ ಎಂಬುದು ಎದುರು ಪಕ್ಷದ ಘೋಷಣೆ. ಮಕ್ಕಳಿಗೆ ಅನ್ನ ಹಾಕಿದ ಮನುಷ್ಯ ಅಕ್ಕಿಯ ಮಾತಿನ ಮೇಲೆಯೇ ಸೋತದ್ದು ನೋಡಿ! ಜನ ತಪ್ಪು ಮಾಡಿದರೆಂದು ನಾನು ಹೇಳಲಾರೆ. ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರ ಕಷ್ಟ ಅವರಿಗೇ ಗೊತ್ತು. ೧೯೭೫ರ ಅಕ್ಟೋಬರ್ ೨ರಂದು ತೀರಿಕೊಂಡಾಗ ಅವರು ಇದ್ದದ್ದು ಬಾಡಿಗೆ ಮನೆ. ಅವರ ಬಳಿ ಉಳಿದಿದ್ದ ಹಣ ನೂರು ಚಿಲ್ಲರೆ ರೂಪಾಯಿ ಎಂದು ಹೇಳುತ್ತಾರೆ. ಅವರ ಎದುರು ಪಕ್ಷಗಳಿಂದ ಬಂದವರೂ ಊಟದ ಯೋಜನೆಯನ್ನು ನಿಲ್ಲಿಸಲಿಲ್ಲ. ೧೯೮೨ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ದೊಡ್ಡದು ಮಾಡಿದರು. ೨೦೨೨ರಲ್ಲಿ ಬೆಳಗಿನ ತಿಂಡಿಯೂ ಸೇರಿತು.

ಈಗ ನಮ್ಮ ವಾಚನಾಲಯದ ಸಂಗತಿ. ಹಿಂದಿನ ಬೀದಿಯಲ್ಲಿ ದೊಡ್ಡ ಕಟ್ಟಡ ಏಳುತ್ತಿರುವುದು ನಿಮಗೆ ಗೊತ್ತು. ಕೆಲಸದವರು ನಮ್ಮ ರಾಯಚೂರು, ಯಾದಗಿರಿ ಕಡೆಯವರು. ತಗಡಿನ ಶೆಡ್ಡುಗಳಲ್ಲಿದ್ದಾರೆ. ಮಕ್ಕಳನ್ನು ಶಾಲೆಗೆ ಸೇರಿಸಿಲ್ಲ. ಇಲ್ಲಿ ಆರು ತಿಂಗಳು, ಆಮೇಲೆ ಇನ್ನೆಲ್ಲಿಗೋ. ಕನ್ನಡ ಅಕ್ಷರವನ್ನಾದರೂ ಕಲಿಸೋಣವೆಂದು ನಾವು ಮೂವರು ಸ್ವಯಂಸೇವಕರು ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಈ ಹಾಲಿನಲ್ಲಿ ಪಾಠ ಶುರುಮಾಡಿದೆವು. ಮೊದಲ ವಾರ ಹದಿನಾಲ್ಕು ಮಕ್ಕಳು ಬಂದರು. ತಿಂಗಳಾಗುವಷ್ಟರಲ್ಲಿ ಐದು. ನಮಗೆ ಕಲಿಸಲು ಬರುವುದಿಲ್ಲವೆಂದು ನಾನು ತಿಳಿದೆ. ಬಹಳ ಚುರುಕಾಗಿದ್ದ ಒಂದು ಹುಡುಗಿಯನ್ನು ಬೀದಿಯಲ್ಲಿ ಕಂಡು ಏಕೆ ಬರುತ್ತಿಲ್ಲವೆಂದು ಕೇಳಿದೆ. "ಅಣ್ಣಾ, ಅದ ಹೊತ್ತಿಗೆ ಅವ್ವ ರೊಟ್ಟಿ ಬಡೀತಾಳ. ಸಾಲಿ ಮುಗಿಸಿ ಹೋದ್ರ ರೊಟ್ಟಿ ತೀರಿರ್ತಾವ" ಎಂದಳು. ನನ್ನ ಊರಿನ ಮಾತು, ನನ್ನ ಊರಿನ ರೊಟ್ಟಿ. ನಾನೇ ಯೋಚಿಸಬೇಕಾಗಿತ್ತು, ಯೋಚಿಸಿರಲಿಲ್ಲ.

ಕಾರ್ಯಕಾರಿ ಸಮಿತಿಯಲ್ಲಿ ಈ ಮಾತು ಬಂದಾಗ ಕೋಶಾಧ್ಯಕ್ಷರು ಹೇಳಿದ್ದು ನ್ಯಾಯವಾಗಿಯೇ ಇದೆ. ಪುಸ್ತಕ ನಿಧಿ ಪುಸ್ತಕಕ್ಕೆ. ಓದುಗರು ಅದಕ್ಕೆಂದು ಕೊಟ್ಟ ಹಣದಿಂದ ಉಪ್ಪಿಟ್ಟು ಮಾಡಿಸಿದರೆ ಲೆಕ್ಕ ತನಿಖೆಯವರಿಗೆ ಏನು ಹೇಳುವುದು? ನಾನೂ ಗುಮಾಸ್ತ, ಒಂದು ಲೆಕ್ಕದ ಹಣ ಇನ್ನೊಂದಕ್ಕೆ ಹೋಗಬಾರದೆಂದು ಬಲ್ಲೆ. ಬೇರೆ ಸದಸ್ಯರೊಬ್ಬರು, ಇದು ವಾಚನಾಲಯವೋ ಅನ್ನಛತ್ರವೋ ಎಂದರು. ಅದಕ್ಕೆ ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ತೀರ್ಮಾನವನ್ನು ಮುಂದಕ್ಕೆ ಹಾಕಿದರು. ಆ ರಾತ್ರಿ ಕಪಾಟಿನಲ್ಲಿ ಹುಡುಕಿ ಕಾಮರಾಜರ ಜೀವನ ಚರಿತ್ರೆ ತೆಗೆದೆ.

ಆದುದರಿಂದ ಪುಸ್ತಕ ನಿಧಿಯನ್ನು ಮುಟ್ಟಬೇಡಿ ಎಂದು ನಾನೇ ಕೇಳಿಕೊಳ್ಳುತ್ತೇನೆ. ಬಾಗಿಲ ಪಕ್ಕ, ದಿನಪತ್ರಿಕೆಗಳ ಸ್ಟ್ಯಾಂಡಿನ ಕೆಳಗೆ, ಮುಚ್ಚಳವಿರುವ ಎರಡು ಡಬ್ಬಿ ಇಟ್ಟಿದ್ದೇನೆ. ಒಂದು ಅಕ್ಕಿಗೆ, ಒಂದು ಜೋಳದ ಹಿಟ್ಟಿಗೆ. ಪತ್ರಿಕೆ ಓದಲು ಬರುವಾಗ ಒಂದು ಹಿಡಿ ಕಾಗದದಲ್ಲಿ ಕಟ್ಟಿ ತಂದರೆ ಸಾಕು. ಮೂರನೆಯ ಬೀದಿಯ ತಾಯಿಯೊಬ್ಬರು ವಾರದಲ್ಲಿ ಮೂರು ದಿನ ತಮ್ಮ ಮನೆಯಲ್ಲಿ ಅಡಿಗೆ ಮಾಡಿಕೊಡಲು ಒಪ್ಪಿದ್ದಾರೆ. ಇವೊತ್ತು ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳಬಾರದೆಂದು ಆಣೆ ಹಾಕಿಸಿದ್ದಾರೆ. ಉಳಿದ ಮೂರು ದಿನಕ್ಕೆ ಇನ್ನೊಂದು ಮನೆ ಬೇಕು. ಗ್ಯಾಸಿನ ಖರ್ಚಿಗೆ ನಾವು ಮೂವರು ಸ್ವಯಂಸೇವಕರು ತಿಂಗಳಿಗೆ ನೂರು ನೂರು ಹಾಕುತ್ತೇವೆ. ಇದಕ್ಕೆ ಬೇರೆ ನೋಟುಬುಕ್ಕು ಇಟ್ಟಿದ್ದೇನೆ. ಬಂದದ್ದು, ಬೆಂದದ್ದು, ಉಂಡ ಮಕ್ಕಳ ಸಂಖ್ಯೆ, ಮೂರು ಕಲಮು. ಕೋಶಾಧ್ಯಕ್ಷರು ತಿಂಗಳಿಗೊಮ್ಮೆ ನೋಡಿ ಸಹಿ ಮಾಡಿಕೊಡಬೇಕು.

ಪಾಠ ಬುಧವಾರದಿಂದ ಮತ್ತೆ ಪ್ರಾರಂಭ. ಆ ಹುಡುಗಿಗೆ ಹೇಳಿಬಂದಿದ್ದೇನೆ, ನಾಲ್ಕು ಜನರನ್ನು ಕರಕೊಂಡು ಬರ್ತೀನಿ ಎಂದಿದ್ದಾಳೆ.